ಗಾಯ ಒಣಗುವ ತನಕ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯೊಂದಿದೆ. ಬೆಳಗಿನ ಹೊತ್ತು ಅದರ ಮುಂದೆ ಹಾದುಹೋಗುವವರೆಲ್ಲ ಒಂದು ಗಳಿಗೆ ನಿಧಾನಿಸಿ ಮೂಗು ಅರಳಿಸುತ್ತಾರೆ. ನಾನು ಮಾತ್ರ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ನನಗೆ ತನ್ನ ಮೇಲೆ ಏನೋ ಮುನಿಸು ಎಂದು ಅಂಗಡಿಯವನು ತಿಳಿದಿರಬೇಕು, ಪಾಪ. ಹಾಗೇನಿಲ್ಲ. ಕಾಫಿ ನಾನೂ ಕುಡಿಯುತ್ತೇನೆ. ಆದರೆ ಮಳೆ ನಿಂತ ಬೆಳಿಗ್ಗೆ, ಒದ್ದೆ ರಸ್ತೆಯ ಮೇಲೆ ಆ ಹುರಿದ ಘಾಟು ಬಂತೆಂದರೆ ತೊಂಬತ್ತೆಂಟರ ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಲ್ಲುತ್ತದೆ. ಮೊನ್ನೆ ಛತ್ರಿ ಮರೆತು ಹೋಗಿದ್ದೆ. ಮಳೆ ಜೋರಾಗಿ ಅದೇ ಅಂಗಡಿಯ ಸೂರಿನ ಕೆಳಗೆ ನಿಲ್ಲಬೇಕಾಯಿತು. ಮನೆಗೆ ಬಂದ ಮೇಲೆ ಇದನ್ನು ಬರೆಯದೆ ವಿಧಿಯಿಲ್ಲ ಎನ್ನಿಸಿತು.

ಆಗ ನಾನು ಇಲ್ಲೇ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ನಾನೂ ನನ್ನ ಹೆಂಡತಿ ಗಿರಿಜಾಳೂ ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಅವಳ ನಾಲಿಗೆ ಊರನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಗಡಿಯಾರದ ಮನುಷ್ಯ. ಸೈರನ್ ಕೂಗಿದರೆ ಕೆಲಸ, ಸೈರನ್ ಕೂಗಿದರೆ ಮನೆ. "ನಿಮಗ ಹಸಿವು ಆಗೋದೂ ಸೈರನ್ ಕೂಗಿದ ಮ್ಯಾಲೇ ನೋಡ್ರಿ" ಎಂದು ಅವಳು ನಗುತ್ತಿದ್ದಳು. ಅವಳಿಗಿದ್ದ ಚಟ ಎರಡು. ಒಂದು, ಹೊತ್ತು ಹೊತ್ತಿಗೆ ಗಟ್ಟಿ ಡಿಕಾಕ್ಷನ್ನಿನ ಕಾಫಿ. ಇನ್ನೊಂದು, ಊಟವಾದ ಮೇಲೆ ಎಲೆ ಅಡಿಕೆ, ಅದರ ಜೊತೆಗೆ ಚಿಟಿಕೆ ಹೊಗೆಸೊಪ್ಪು. ಹಲ್ಲುನೋವಿಗೆ ಒಳ್ಳೆಯದೆಂದು ಅವಳ ಅಜ್ಜಿ ಎಳೆಯ ವಯಸ್ಸಿನಲ್ಲೇ ಬಾಯಿಗಿಟ್ಟು ಕಲಿಸಿದ್ದು. ಆ ಬೇಸಿಗೆಯಲ್ಲಿ ಬಲಗೆನ್ನೆಯ ಒಳಗೆ ಹುಣ್ಣೆದ್ದಿತು. ಉಷ್ಣ ಎಂದಳು. ತುಪ್ಪ ಸವರಿದಳು, ಜೇನು ಸವರಿದಳು. ಬಾಯಿ ಪೂರ್ತಿ ತೆರೆಯಲಾಗದೆ ತುತ್ತು ಚಿಕ್ಕದಾಗುತ್ತ ಬಂದ ಮೇಲೆ ಕಂಟೋನ್ಮೆಂಟಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದರು.

ಆಪರೇಷನ್ ಮಾಡಲಿದ್ದ ಸರ್ಜನ್ ನನಗಿಂತ ಚಿಕ್ಕ ವಯಸ್ಸಿನವರು, ತಾಳ್ಮೆಯ ಮನುಷ್ಯ. ಕೆನ್ನೆಯ ಒಳಭಾಗವನ್ನು ತೆಗೆದು, ಆ ಜಾಗಕ್ಕೆ ಎಡ ಮುಂಗೈಯ ಚರ್ಮ ತಂದು ಹೊಲಿಯುತ್ತೇವೆ ಎಂದರು. "ತೇಪೆ ಹಾಕಿದ ಹಾಗಾ?" ಎಂದೆ.

"ತೇಪೆಗೆ ಜೀವ ಇರಲ್ಲ ಸರ್. ಇದನ್ನ ಅದರ ರಕ್ತನಾಳದ ಸಮೇತ ತೆಗೀತೀವಿ. ಮೈಕ್ರೋಸ್ಕೋಪ್ ಇಟ್ಕೊಂಡು ಕುತ್ತಿಗೆಯ ನಾಳಕ್ಕೆ ಜೋಡಿಸ್ತೀವಿ. ಬೇರು ಸಮೇತ ಸಸಿ ಕಿತ್ತು ನಾಟಿ ಮಾಡ್ತಾರಲ್ಲ, ಹಾಗೆ."

ಭತ್ತದ ಸೀಮೆಯವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಆದರೆ ಅವರು ಇನ್ನೂ ಹೇಳಿದರು. ಆಪರೇಷನ್ ಅರ್ಧ ಕೆಲಸ ಮಾತ್ರ, ಉಳಿದರ್ಧ ರೇಡಿಯೇಷನ್. ನಮ್ಮ ಜನ ಅದನ್ನು ಕರೆಂಟು ಕೊಡೋದು ಎನ್ನುತ್ತಾರೆ. ಹಾಗಾದರೆ ಕರೆಂಟು ಮೊದಲು ಕೊಟ್ಟು ಆಮೇಲೆ ಆಪರೇಷನ್ ಮಾಡಬಾರದೇ ಎಂದು ಕೇಳಿದೆ. ಮೊದಲೇ ಕೊಟ್ಟರೆ ಕುತ್ತಿಗೆಯ ನಾಳಗಳು ಗಡುಸಾಗಿ ಜೋಡಣೆ ನಿಲ್ಲುವುದು ಕಷ್ಟ ಎಂದರು. "ಆಪರೇಷನ್ ಆದ ಮೇಲೂ ಅವಸರ ಮಾಡೋ ಹಾಗಿಲ್ಲ. ಹಸಿ ಗಾಯಕ್ಕೆ ಕೊಟ್ರೆ ಹೊಲಿಗೆ ಬಿಟ್ಕೊಳ್ಳುತ್ತೆ. ತುಂಬ ತಡ ಮಾಡಿದ್ರೆ ಎಲ್ಲೋ ಉಳಿದಿರೋ ಕಾಯಿಲೆ ತಲೆ ಎತ್ತುತ್ತೆ. ಗಾಯ ಒಣಗ್ಬೇಕು, ಒಣಗಿದ ತಕ್ಷಣ ಶುರು ಮಾಡ್ಬೇಕು. ಆರು ವಾರ ಅಂತ ಮನಸ್ಸಲ್ಲಿ ಇಟ್ಕೊಳ್ಳಿ." ನಾನು ಇಟ್ಟುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಗಿರಿಜಾಳೂ ಇಟ್ಟುಕೊಂಡಳು.

ನಮಗೆ ಒಬ್ಬಳೇ ಮಗಳು, ಸುಮಾ. ಶಿವಮೊಗ್ಗಕ್ಕೆ ಕೊಟ್ಟಿದ್ದೆವು. ಆಗ ಅವಳು ಏಳು ತಿಂಗಳ ಬಸುರಿ. ಹಿಂದಿನ ವರ್ಷ ಒಂದು ಗರ್ಭ ಐದು ತಿಂಗಳಲ್ಲೇ ಹೋಗಿತ್ತು. ಬೀಗರು ಒಳ್ಳೆಯವರು. ಗಿರಿಜಾಳ ವಿಷಯ ತಿಳಿದು, ಹೆರಿಗೆ ನಾವೇ ಮಾಡುತ್ತೇವೆ, ನೀವು ಚಿಂತೆ ಮಾಡಬೇಡಿ ಎಂದು ಫೋನ್ ಮಾಡಿದರು. ಗಿರಿಜಾ ಒಪ್ಪಲಿಲ್ಲ. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು, "ಚೊಚ್ಚಲ ಹೆರಿಗಿ ತವರಮನ್ಯಾಗ ಆಗ್ಬೇಕ್ರಿ. ನಾ ಇರ್ಲಿ, ಬಿಡ್ಲಿ, ಅಕಿನ್ನ ಕರಕೊಂಡು ಬರ್ರಿ" ಎಂದಳು. ಅವಳು ತನ್ನ ಮೊದಲಿನ ಬಾಯಲ್ಲಿ ನನಗೆ ಹೇಳಿದ ಕೊನೆಯ ದೊಡ್ಡ ಮಾತು ಅದು. ಆಮೇಲೆ ಅವಳು ಮಾತಾಡಿದಳು, ಬೇಕಾದಷ್ಟು ಮಾತಾಡಿದಳು. ಆದರೆ ಆ ಉಚ್ಚಾರ ಮತ್ತೆ ಬರಲಿಲ್ಲ.

ಆಷಾಢದ ಗಾಳಿಮಳೆಯ ದಿನ ಆಪರೇಷನ್ ಆಯಿತು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಸಂಜೆ ಹೊರಗೆ ತಂದರು. ಮುಖ ಊದಿ ಗುರುತು ಸಿಗುತ್ತಿರಲಿಲ್ಲ. ಗಂಟಲಿಗೆ ಉಸಿರಾಟದ ಕೊಳವೆ, ಮೂಗಿಗೆ ಊಟದ ನಳಿಗೆ. ಮುಂಗೈಗೆ ತೊಡೆಯ ಚರ್ಮ ಹೊದಿಸಿ ದಪ್ಪಗೆ ಕಟ್ಟಿದ್ದರು. ಮೊದಲ ಕೆಲವು ದಿನ ನರ್ಸುಗಳು ಗಂಟೆಗೊಮ್ಮೆ ಬಂದು ಬಾಯೊಳಗೆ ಟಾರ್ಚು ಬಿಟ್ಟು ಹೊಸ ಚರ್ಮದ ಬಣ್ಣ ನೋಡುತ್ತಿದ್ದರು. ಬಿಳಿಚಿದರೆ ರಕ್ತ ಹೋಗುತ್ತಿಲ್ಲ, ಕಪ್ಪಾದರೆ ರಕ್ತ ವಾಪಸು ಬರುತ್ತಿಲ್ಲ. "ಪಿಂಕ್ ಇದೆ" ಎಂದು ನರ್ಸು ಹೇಳುವ ತನಕ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. ಹುಟ್ಟಿದ ಮೇಲೆ ನಾನು ಬಣ್ಣದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವನೇ ಅಲ್ಲ. ಮನೆಗೆ ಸುಣ್ಣ ಬಳಿಸುವಾಗಲೂ ಯಾವುದೋ ಒಂದು ಬಳೀರಿ ಎಂದಿದ್ದೆ.

ನಾಟಿ ಹಿಡಿಯಿತು. ಅವಳನ್ನು ಮನೆಗೆ ಕರೆತಂದೆ. ಅಷ್ಟು ಹೊತ್ತಿಗೆ ಸುಮಾಳೂ ಬಂದಿದ್ದಳು. ಗಂಟಲಿನ ಕೊಳವೆ ತೆಗೆದಿದ್ದರು, ಮೂಗಿನ ನಳಿಗೆ ಹಾಗೇ ಇತ್ತು. ರಾಗಿ ಗಂಜಿ, ಬೇಳೆಕಟ್ಟು, ಮಜ್ಜಿಗೆ ಎಲ್ಲವನ್ನೂ ಬಿಳಿ ಪಂಚೆಯಲ್ಲಿ ಸೋಸಿ ನಳಿಗೆಗೆ ಹಾಕಬೇಕು. ಸರ್ಜನ್ ಅಪ್ಪಣೆ ಕೊಡುವ ತನಕ ಬಾಯಿಂದ ಒಂದು ಹನಿ ನೀರೂ ಕೂಡದು. ನಾನು ರಜೆ ಹಾಕಿ ಸೌಟು ಹಿಡಿದೆ. ನಾನು ಮಾಡಿದ ಮೊದಲ ಗಂಜಿ ಗೋಡೆಗೆ ಹಚ್ಚಬಹುದಿತ್ತು. ಗಿರಿಜಾ ಪಾತ್ರೆಯೊಳಗೆ ಬಗ್ಗಿ ನೋಡಿ, ಕೈಯಲ್ಲೇ 'ಇನ್ನೂ ನೀರು' ಎಂದು ತೋರಿಸಿದಳು. ಆಪರೇಷನ್ ಆದ ಮೇಲೆ ಅವಳ ಕಣ್ಣಲ್ಲಿ ನಗು ಕಂಡಿದ್ದು ಅವತ್ತೇ ಮೊದಲು.

ವಾರಕ್ಕೆರಡು ಸಲ ಆಸ್ಪತ್ರೆ. ಆಟೋ ಹಲಸೂರು ಕೆರೆಯ ಪಕ್ಕ ಹೋಗುವಾಗ ನೀರಿನ ಮೇಲಿನ ತಂಡಿ ಗಾಳಿ ಒಳಗೆ ನುಗ್ಗುತ್ತಿತ್ತು. ಅವಳು ಸೆರಗನ್ನು ಕುತ್ತಿಗೆಗೆ ಸುತ್ತಿ ಕೂರುತ್ತಿದ್ದಳು. ಅಂಥ ಒಂದು ದಿನ ಸರ್ಜನ್ ನಮ್ಮನ್ನು ಕರೆಂಟಿನ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು, ಶಿವಾಜಿನಗರದ ತಮಿಳು ಸೋಂಕಿದ ಕನ್ನಡ. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ನಾನು ಅವರ ಕೋಣೆಗೆ ಕಾಗದಪತ್ರ ಹಿಡಿದು ಹೋಗಿ ಬರುವ ತನಕ ಗಿರಿಜಾ ಮಿಷನ್ ಕೋಣೆಯ ಎದುರಿನ ಬೆಂಚಿನಲ್ಲಿ ಕೂತಿದ್ದಳು. ಆ ಬಾಗಿಲ ಮೇಲೆ ಹಳದಿ ಬೋರ್ಡೊಂದಿತ್ತು. ಏನು ಬರೆದಿದೆ ಎಂದು ನಾನು ಓದಲಿಲ್ಲ. "ಗಾಯ ಒಣಗಿದ ಕೂಡಲೇ ಬನ್ನಿ ಸಾರ್, ಒಂದು ದಿನಾನೂ ಕಾಯಬೇಡಿ" ಎಂದರು ಮೇಡಂ.

ಗಾಯ ಒಣಗುತ್ತಲೂ ಇತ್ತು. ದವಡೆಯ ಕೆಳಗೆ ಒಂದು ಮೂಲೆ ಮಾತ್ರ ಉಳಿಯಿತು. ಅಲ್ಲಿ ಸಾಸಿವೆಯಷ್ಟು ತೂತು ಬಿದ್ದು ಎಂಜಲು ಜಿನುಗತೊಡಗಿತು. ಸರ್ಜನ್ ಗಾಬರಿಯಾಗಲಿಲ್ಲ. ಹೀಗಾಗುವುದುಂಟು, ಬಾಯಿಗೆ ಏನೂ ಹಾಕದಿದ್ದರೆ ತಾನಾಗಿ ಕೂಡಿಕೊಳ್ಳುತ್ತದೆ ಎಂದು ಗಾಯದ ಮೇಲಿಡುವ ತೆಳು ಗಾಜುಬಟ್ಟೆ ಇಟ್ಟು ಬಿಗಿಯಾಗಿ ಕಟ್ಟಿದರು. ಕೂಡಿಕೊಳ್ಳುವ ಹಾಗೆ ಕಾಣುತ್ತಿತ್ತು, ಮತ್ತೆ ಬಿಟ್ಟುಕೊಳ್ಳುತ್ತಿತ್ತು. ಇನ್ನೇನು ತಾರೀಕು ಗೊತ್ತು ಮಾಡಬೇಕು ಎನ್ನುವಾಗ ಗಾಜುಬಟ್ಟೆ ಒದ್ದೆ. ಶ್ರಾವಣ ಕಳೆಯಿತು. ಗೌರಿಹಬ್ಬಕ್ಕೆ ಬೀದಿಯೆಲ್ಲ ಸಡಗರ, ನಮ್ಮ ಮನೆಯಲ್ಲಿ ಪಂಚೆಯಲ್ಲಿ ಸೋಸಿದ ಗಂಜಿ. ನಾನು ದೇವರ ಮುಂದೆ ನಿಂತು ಕೇಳಿಕೊಂಡಿದ್ದು ಒಂದೇ, ಆ ಸಾಸಿವೆಯಷ್ಟು ತೂತು ಮುಚ್ಚಿಕೊಳ್ಳಲಿ ಎಂದು. ಆರು ವಾರ ದಾಟಿತು.

ಒಂದು ಬೆಳಿಗ್ಗೆ ಸರ್ಜನ್ ಕಟ್ಟು ಬಿಚ್ಚಿ, ಗಾಜುಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾರು ಸರ್ ಕಾಫಿ ಕೊಟ್ಟಿದ್ದು ಇವರಿಗೆ?" ಎಂದರು.

ಗಿರಿಜಾ ತಲೆ ತಗ್ಗಿಸಿದಳು.

"ಅಮ್ಮಾ, ನೀವು ಬಾಯಿಂದ ಕುಡಿಯೋ ಒಂದೊಂದು ಗುಟುಕೂ ಅದೇ ದಾರೀಲಿ ಹೊರಗೆ ಬರ್ತಿದೆ. ಅದು ಹೆಂಗಮ್ಮ ಮುಚ್ಕೊಳ್ಳುತ್ತೆ? ನಿಮ್ಮ ಟೈಮ್ ಹೋಗ್ತಿದೆ" ಎಂದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೂಗಾಡಿದೆ. ಊರವರೆಲ್ಲ ನಿನಗಾಗಿ ಹರಕೆ ಹೊತ್ತಿದ್ದಾರೆ, ನಿನಗೆ ಒಂದು ಲೋಟ ಕಾಫಿ ಹೆಚ್ಚಾಯಿತೇ, ನಾಲಿಗೆ ಚಪಲಕ್ಕೆ ಜೀವ ಕೊಡುತ್ತೀಯಾ ಎಂದೆಲ್ಲ ಅಂದೆ. ಯಾರು ಮಾಡಿಕೊಟ್ಟರು ಎಂದು ಕೇಳಿದ್ದಕ್ಕೆ ಅವಳು ತನ್ನ ಎದೆಯನ್ನೇ ಮುಟ್ಟಿ ತೋರಿಸಿದಳು. ಚಪಲ ಎಂದಾಗ ಸಿಟ್ಟಾಗಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸುಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ತುಂಬಿದ ಬಸುರಿಯ ಮುಂದೆ ಕಿರುಚಬಾರದೆಂದು ಸುಮ್ಮನಾದೆ. ಕಾಫಿಪುಡಿಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹಾಗಿದ್ದೂ ಗಾಜುಬಟ್ಟೆ ಒದ್ದೆಯಾಗುವುದು ನಿಲ್ಲಲಿಲ್ಲ. ಕುಡಿಯುವುದಕ್ಕೆ ನೀರೂ ಸಾಕು ಎಂಬುದು ನನಗೆ ಹೊಳೆಯಲಿಲ್ಲ.

ಸುಮಾಳಿಗೆ ನೋವು ಬಂದಿದ್ದು ಪಿತೃಪಕ್ಷದಲ್ಲಿ. ಹಲಸೂರಿನ ಹೆರಿಗೆ ಆಸ್ಪತ್ರೆಗೆ ಸೇರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು. ಗಿರಿಜಾ ಮೂಗಿನ ನಳಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಹೋಗಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡಳು. ಅದರ ಕೈಬೆರಳು, ಕಾಲ್ಬೆರಳು, ಕಿವಿಯ ಹಿಂದುಗಡೆ ಎಲ್ಲ ನೋಡಿದಳು. ಯಾವ ಊನವೂ ಇಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿ, ಆ ಅಸ್ಪಷ್ಟ ಬಾಯಲ್ಲೇ, "ಇನ್ನ ಕರೆಂಟು ಕೊಡಸ್ರಿ" ಎಂದಳು. ಮೊಮ್ಮಗಳನ್ನು ಕಂಡು ಬದುಕುವ ಆಸೆ ಹುಟ್ಟಿತು ಎಂದುಕೊಂಡೆ ನಾನು. ಆ ದಿನದಿಂದ ಗಾಜುಬಟ್ಟೆ ಒಣಗುತ್ತ ಬಂತು. ದಸರೆ ಮುಗಿಯುವಷ್ಟರಲ್ಲಿ ತೂತಿದ್ದ ಜಾಗ ಬೆರಳಿಗೂ ಸಿಗದ ಹಾಗೆ ಕೂಡಿಕೊಂಡಿತ್ತು.

ಆ ದಿನಗಳಲ್ಲಿ ಅವಳು ಮಗುವನ್ನು ಕೆಳಗಿಳಿಸಲಿಲ್ಲ. ಬಾಣಂತನಕ್ಕೆಂದು ಊರಿಂದ ಬಂದಿದ್ದ ಅವಳ ಅಕ್ಕ ನೀಲಕ್ಕ, "ಬಿಡs, ಕೂಸಿಗೆ ಅಂಟಿಕೊಂಡೇ ಬಿಡ್ತೀಯಲ್ಲ" ಎಂದು ರೇಗುತ್ತಿದ್ದರು. ಕರೆಂಟು ಶುರುವಾಯಿತು. ಮುಖಕ್ಕೆ ಅಚ್ಚು ಹಾಕಿ, ಅಲುಗಾಡದ ಹಾಗೆ ಮಲಗಿಸಿ, ಕೆಲವು ನಿಮಿಷ. ನೋವಿಲ್ಲ, ಏನಿಲ್ಲ. ಮೊದಲ ದಿನ ಮನೆಗೆ ಬಂದಾಗ ಸುಮಾ ಮಗುವನ್ನು ಚಾಚಿದಳು. ಗಿರಿಜಾ ಎರಡು ಹೆಜ್ಜೆ ಹಿಂದೆ ಸರಿದಳು. ಮರುದಿನವೂ ಹಾಗೇ. ಮಗು ಅತ್ತರೆ ಬಾಗಿಲ ತನಕ ಬರುತ್ತಾಳೆ, ಹೊಸ್ತಿಲು ದಾಟುವುದಿಲ್ಲ. ತನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿಸಿಕೊಂಡಳು, ತಟ್ಟೆ ಲೋಟ ಬೇರೆ ಮಾಡಿಕೊಂಡಳು.

ಸುಸ್ತಿರಬೇಕು ಎಂದು ನೋಡಿದೆ. ಸುಸ್ತಲ್ಲ. ಒಂದು ಸಂಜೆ ಅವಳು ಹೊಸ್ತಿಲ ಮೇಲೆ ನಿಂತು ಮಗುವಿಗೆ ಕೈ ಬೀಸುತ್ತಿದ್ದಾಗ ತಡೆಯಲಾಗದೆ ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. "ಬೋರ್ಡಿನ ಮ್ಯಾಲ ಬರದಾರಲ್ರಿ" ಎಂದಳು.

ಯಾವ ಬೋರ್ಡು?

"ಕರೆಂಟಿನ ಬಾಗಲ ಮ್ಯಾಲ. ಬಸುರೇರು, ಸಣ್ಣ ಹುಡುಗರು ಹತ್ರ ಬರಬಾರದು ಅಂತ. ಬಾಜೂಕ ಕುಂತಿದ್ದಾಕಿನ್ನೂ ಕೇಳಿದೆ. ಕರೆಂಟು ತಗೊಂಡೋರ ಮೈಯಾಗ ಅದು ಇರ್ತತಿ, ದೂರ ಇರಬೇಕು ಅಂದ್ಲು."

ಅವಳು ಇನ್ನೂ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಆದರೆ ನನ್ನ ತಲೆ ಅಷ್ಟರಲ್ಲೇ ಗಾಜುಬಟ್ಟೆಯ ಕಂದು ಕಲೆಯ ಹತ್ತಿರ ಹೋಗಿ ನಿಂತಿತ್ತು. "ಹಂಗಾದ್ರೆ ಕಾಫಿ?" ಎಂದೆ.

ಅವಳು ಮನೆಯ ಬಾಗಿಲ ಕಡೆ ನೋಡಿದಳು. "ಗಾಯ ಒಣಗಿದ್ರ ಕರೆಂಟು ಕೊಡ್ತಿದ್ರು. ಹುಟ್ಟಿದ ಮ್ಯಾಲ ಕೂಸಿನಿಂದ ನಾ ದೂರ ನಿಂದ್ರಬೌದು. ಹೊಟ್ಟ್ಯಾಗ ಇದ್ದಾಗ, ಎರಡು ಕೋಣಿ ಮನ್ಯಾಗ, ಎಲ್ಲಿಗೆ ಹೋಗಿ ನಿಂದ್ರಲಿ? ಹ್ವಾದ ವರ್ಷ ಒಂದು ಹೋಗೇತಿ."

ನನಗೆ ಅಳು ಬಂತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಮರುದಿನ ಅವಳನ್ನು ನೇರವಾಗಿ ದೊಡ್ಡ ಮೇಡಂ ಮುಂದೆ ಕೂರಿಸಿದೆ. ಮೇಡಂ ಎಲ್ಲ ಕೇಳಿಸಿಕೊಂಡರು. ನಗಲಿಲ್ಲ. ಎದ್ದು ಬಂದು ಗಿರಿಜಾಳ ಕೈ ಹಿಡಿದುಕೊಂಡರು.

"ಅಮ್ಮಾ, ಟಾರ್ಚ್ ಆರಿಸಿದ ಮೇಲೆ ಬೆಳಕು ಗೋಡೆಗೆ ಅಂಟ್ಕೊಂಡಿರುತ್ತಾ? ಇದೂ ಅಷ್ಟೇ ಅಮ್ಮಾ. ಮಿಷನ್ ನಿಂತ್ರೆ ಆಯ್ತು, ನಿಮ್ ಮೈಯಲ್ಲಿ ಏನೂ ಉಳಿಯಲ್ಲ. ಆ ಬೋರ್ಡು ಮಿಷನ್ ಓಡೋವಾಗ ಒಳಗೆ ಬರೋರಿಗೆ. ಬೇರೆ ತರದ ಟ್ರೀಟ್‌ಮೆಂಟ್ ಇದೆ, ಅದ್ರಲ್ಲಿ ದೂರ ಇರ್ಬೇಕು. ಇದ್ರಲ್ಲಿ ಬೇಡ. ಮನೇಗ್ ಹೋಗಿ ಮಗೂನ ಎತ್ಕೊಳ್ಳಿ."

"ಬಸುರೀನ್ನ ಮುಟ್ಟಬೌದಿತ್ತಾ?" ಎಂದು ಗಿರಿಜಾ ಕೇಳಿದಳು. ಅವಳ ಮಾತು ಅವರಿಗೆ ಅರ್ಥವಾಗಲಿಲ್ಲ. ನಾನೇ ಇನ್ನೊಮ್ಮೆ ಕೇಳಬೇಕಾಯಿತು.

"ಮುಟ್ಟಬಹುದಿತ್ತಮ್ಮಾ. ಪಕ್ಕದಲ್ಲೇ ಮಲಗಬಹುದಿತ್ತು" ಎಂದರು ಮೇಡಂ.

ಆ ದಿನ ಮನೆಗೆ ಬಂದು ಅವಳು ಮಗುವನ್ನು ಎತ್ತಿಕೊಂಡಿದ್ದನ್ನು ನಾನು ವರ್ಣಿಸಲು ಹೋಗುವುದಿಲ್ಲ. ಮೇಡಂ ಕೋಣೆಯಿಂದ ಹೊರಗೆ ಬರುವಾಗಲೇ, ಕಾಫಿ ಯಾಕೆ ಕುಡಿದೆ ಎಂಬುದನ್ನು ಸುಮಾಳಿಗೆ ಹೇಳಬೇಡಿ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಕರೆಂಟಿನ ವಾರಗಳು ದೀಪಾವಳಿಯಾಚೆಗೂ ಹೋದವು. ಕುತ್ತಿಗೆ ಕಪ್ಪಾಗಿ ಸುಲಿಯಿತು, ಬಾಯೆಲ್ಲ ಹುಣ್ಣಾಯಿತು. ಮುಂಗೈಯಿಂದ ಬಂದ ಚರ್ಮ ಮಾತ್ರ ಜಗ್ಗಲಿಲ್ಲ. ಸರ್ಜನ್ನರಿಗೆ ಅದೊಂದು ಹೆಮ್ಮೆ. ಸಂಕ್ರಾಂತಿಗೆ ನಳಿಗೆ ತೆಗೆದರು. ಸಿಹಿ ಪೊಂಗಲ್ಲನ್ನು ಹಾಲಿನಲ್ಲಿ ಕರಗಿಸಿ ಚಮಚದಲ್ಲಿ ಕುಡಿದಳು. ಯುಗಾದಿಯ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಮತ್ತೆ ಕತ್ತರಿಸುವ ಜಾಗವಾಗಿರಲಿಲ್ಲ. ತಡವಾಗಿದ್ದಕ್ಕೇ ಹೀಗಾಯಿತೇ ಎಂದು ದೊಡ್ಡ ಮೇಡಂ ಅವರನ್ನು ಕೇಳಿದೆ. "ಹೌದು ಅಂತಾನೂ ಹೇಳಕ್ಕಾಗಲ್ಲ ಸಾರ್, ಇಲ್ಲ ಅಂತಾನೂ ಹೇಳಕ್ಕಾಗಲ್ಲ. ತಡ ಆದ್ರೆ ಅಪಾಯ ಜಾಸ್ತಿ. ಟೈಮಿಗೆ ಕೊಟ್ಟವರಿಗೂ ಬಂದಿದೆ" ಎಂದರು. ಮಳೆಗಾಲ ಶುರುವಾಗಿ ಸ್ವಲ್ಪ ದಿನಕ್ಕೆ ಗಿರಿಜಾ ಹೋದಳು. ಮೊಮ್ಮಗಳು ಅಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿತ್ತು.

ವರ್ಷಗಟ್ಟಲೆ ನಾನು ಆಣೆ ಮುರಿಯಲಿಲ್ಲ. ಮಗು ಬೆಳೆದು ಶಾಲೆಗೆ ಹೋಯಿತು, ಕಾಲೇಜು ಸೇರಿತು. ಹೋದ ದೀಪಾವಳಿಗೆ ಸುಮಾ ಒಬ್ಬಳೇ ಬಂದಿದ್ದಳು. ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ, "ಅಪ್ಪಾ, ಒಂದು ವಿಷ್ಯ ಹೇಳ್ತೀನಿ, ಬೈಬೇಡಿ" ಎಂದಳು. "ಅಮ್ಮಂಗೆ ಕಾಫಿ ಮಾಡಿ ಕೊಡ್ತಿದ್ದಿದ್ದು ನಾನು. ಕೈ ಸನ್ನೆ ಮಾಡಿ ಕೇಳ್ತಿದ್ಲು. ಒಂದು ಗುಟುಕು ತಾನೇ, ಆಸೆ ಪಡ್ತಾಳೆ ಅಂತ ಕೊಟ್ಬಿಟ್ಟೆ. ನೀವು ಕೂಗಾಡಿದ ದಿನ ಬಾಯಿ ಬಿಡೋಕಾಗ್ಲಿಲ್ಲ. ನನ್ನಿಂದಾನೇ ತಡ ಆಯ್ತು ಅಲ್ವಾ? ನನ್ನಿಂದಾನೇ ಹೋದ್ಲು ಅಲ್ವಾ?"

ಇಷ್ಟು ವರ್ಷ ನಾನೊಂದು ಅರ್ಧ ಹೊತ್ತಿದ್ದೆ, ಅವಳೊಂದು ಅರ್ಧ. ಅವಳದನ್ನು ಅವಳ ಬಳಿಯೇ ಬಿಟ್ಟರೆ, ತಾಯಿಯನ್ನು ತಾನೇ ಕೊಂದೆ ಎಂದುಕೊಂಡು ಸಾಯುವ ತನಕ ಬದುಕುತ್ತಾಳೆ. ನನ್ನದನ್ನು ಕೊಟ್ಟರೆ, ತನಗಾಗಿಯೇ ತಾಯಿ ಹೀಗೆ ಮಾಡಿಕೊಂಡಳು ಎಂದು ಬದುಕುತ್ತಾಳೆ. ಎರಡೂ ಭಾರವೇ. ಎರಡನೆಯದು ನಿಜ. ಆಣೆಯನ್ನು ಬದಿಗಿಟ್ಟು ಬೋರ್ಡಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ನೀನು ಕೊಡದಿದ್ರೆ ನೀರು ಕುಡೀತಿದ್ಲು. ಅವಳಿಗೆ ಬೇಕಾಗಿದ್ದು ಕಾಫಿ ಅಲ್ಲಮ್ಮ" ಎಂದೆ.

ಸುಮಾ ತುಂಬ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಮೊರದಲ್ಲಿದ್ದ ಕಾಳನ್ನು ಸುಮ್ಮನೆ ಅತ್ತಿತ್ತ ಸರಿಸುತ್ತ ಕೂತಳು.

"ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲಪ್ಪಾ, ಆ ಡಾಕ್ಟರನ್ನ" ಎಂದಳು.

"ಆಗ್ತಿತ್ತಮ್ಮ" ಎಂದೆ.